ವಿಕೆಟ್ಟಿನ ಹಿಂದೆ ನಿಂತವರ ಹಳೆಯ ಕಾರ್ಡುಗಳು

ಅಂಚೆ ಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಕೂಡಿಡುವವರನ್ನು ನೀವು ಬಲ್ಲಿರಿ. ಆಟಗಾರರ ಚಿತ್ರವಿರುವ ಹಳೆಯ ಕಾರ್ಡು ಕೂಡಿಡುವುದೂ ಅಂಥದೇ ಒಂದು ಹವ್ಯಾಸ. ಹೆಚ್ಚು ಹೆಸರಾಗದ ಆಟಗಾರನ ಕಾರ್ಡನ್ನು ಯಾಕೆ ಹುಡುಕಬೇಕು, ಸಿಕ್ಕರೆ ಹೇಗೆ ಪರೀಕ್ಷಿಸಬೇಕು, ಹೇಗೆ ಕಾಪಾಡಬೇಕು ಎಂಬುದನ್ನು ಇಂದು ತಿಳಿಯೋಣ.

ಈ ಹವ್ಯಾಸ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿಯ ಬೇಸ್‌ಬಾಲ್ ಆಟದಲ್ಲಿ ದಾಂಡಿಗನ ಬೆನ್ನ ಹಿಂದೆ, ಮುಖಕ್ಕೆ ಜಾಲರಿ ಕಟ್ಟಿಕೊಂಡು, ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವನಿಗೆ ಕ್ಯಾಚರ್ ಎನ್ನುತ್ತಾರೆ. ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. 1933ರಲ್ಲಿ ಗೌಡಿ ಎಂಬ ಗಮ್ ಕಂಪನಿಯು ತನ್ನ ಪೊಟ್ಟಣಗಳಲ್ಲಿ 240 ಅಂಕಿಗಳ ಒಂದು ಕಾರ್ಡು ಸರಣಿ ಹೊರಡಿಸಿತು. ಅದರಲ್ಲಿ 158ನೆಯದು ಮೋ ಬರ್ಗ್ ಎಂಬ ಕ್ಯಾಚರನದು. ಆಟದಲ್ಲಿ ಅವನು ಸಾಧಾರಣ. ಆದರೆ ಹಲವು ಭಾಷೆ ಬಲ್ಲವನು. 1939ರಲ್ಲಿ ಆಟ ಬಿಟ್ಟ ಮೇಲೆ, ಎರಡನೆಯ ಮಹಾಯುದ್ಧದಲ್ಲಿ ತನ್ನ ದೇಶಕ್ಕಾಗಿ ಬೇಹುಗಾರಿಕೆ ಮಾಡಿದವನು. ಬರೀ ಅಂಕಿಅಂಶ ನೋಡಿದವರು ಆ ಕಾರ್ಡನ್ನು ಬದಿಗಿಡುತ್ತಿದ್ದರು. ಮನುಷ್ಯನ ಕಥೆ ತಿಳಿದವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ.

ನಮ್ಮ ಕಡೆಗೆ ಬರೋಣ. 1971ರಲ್ಲಿ ಅಜಿತ್ ವಾಡೇಕರ್ ಅವರ ತಂಡ ವೆಸ್ಟ್ ಇಂಡೀಸ್‌ನಲ್ಲಿ ಸರಣಿ ಗೆದ್ದದ್ದು ಎಲ್ಲರಿಗೂ ಗೊತ್ತು. ಗಾವಸ್ಕರ್ ಅವರ 774 ರನ್ನು, ಸರ್ದೇಸಾಯಿ ಅವರ 642 ರನ್ನು ಇಂದಿಗೂ ಬಾಯಿಪಾಠ. ಆ ಐದೂ ಟೆಸ್ಟುಗಳಲ್ಲಿ ವಿಕೆಟ್ಟಿನ ಹಿಂದೆ ನಿಂತವರು ಯಾರು? ನಮ್ಮ ಹೈದರಾಬಾದಿನ ಪಿ. ಕೃಷ್ಣಮೂರ್ತಿ. ಜಯಸಿಂಹ, ಆಬಿದ್ ಅಲಿ, ಗೋವಿಂದರಾಜ್, ಜಯಂತಿಲಾಲ್ ಸೇರಿ ಆ ತಂಡದಲ್ಲಿ ಹೈದರಾಬಾದಿನವರೇ ಐವರು. ಬೇಡಿ, ಪ್ರಸನ್ನ, ವೆಂಕಟರಾಘವನ್ ಅವರ ತಿರುಗುವ ಚೆಂಡನ್ನು ದಿನವಿಡೀ ಬಗ್ಗಿ ಹಿಡಿದವರು ಕೃಷ್ಣಮೂರ್ತಿ. ಲೆಕ್ಕದಲ್ಲಿ ಉಳಿದದ್ದು 7 ಕ್ಯಾಚು, 1 ಸ್ಟಂಪಿಂಗ್, 33 ರನ್ನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಫರೂಕ್ ಎಂಜಿನಿಯರ್ ಮರಳಿ ಬಂದರು. ಕೃಷ್ಣಮೂರ್ತಿ ಮತ್ತೆ ಟೆಸ್ಟ್ ಆಡಲಿಲ್ಲ. 1999ರಲ್ಲಿ ತೀರಿಕೊಂಡರು. ಬಾರಿಸಿದವನ ರನ್ನು ಪುಸ್ತಕಕ್ಕೆ ಏರುತ್ತದೆ; ಕೀಪರ್ ತಡೆದ ರನ್ನಿಗೆ ಖಾತೆಯೇ ಇಲ್ಲ. ಅಂಥವರ ಗುರುತು ಉಳಿಯುವುದು ಇಂಥ ಸಣ್ಣ ಕಾಗದಗಳಲ್ಲಿ.

ಎಲ್ಲಿ ಹುಡುಕಬೇಕು? 1980ರ ದಶಕದ ಕೊನೆಗೆ ಬಿಗ್ ಫನ್ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡುಗಳು ಕೆಲವರ ಮನೆಯ ಟ್ರಂಕಿನಲ್ಲಿ ಈಗಲೂ ಇವೆ. ಅದಕ್ಕೂ ಹಿಂದಿನ ಆಟಗಾರರಿಗೆ 1971ರ ಪತ್ರಿಕೆಗಳ ತಂಡದ ಫೋಟೊ, ಸ್ಕೋರಿನ ಪುಟಗಳೇ ಆಧಾರ. ಕನ್ನಡ, ತೆಲುಗು ಎರಡೂ ಓದಬಲ್ಲ ಮರಿಕಲ್, ಮಖ್ತಲ್ ಕಡೆಯವರಿಗೆ ಇದರಲ್ಲಿ ಲಾಭವುಂಟು: ಎರಡೂ ಭಾಷೆಯ ರದ್ದಿ ಜಾಲಾಡಬಹುದು. ಹೈದರಾಬಾದಿಗೆ ಹೋದರೆ ಭಾನುವಾರ ಆಬಿಡ್ಸ್‌ನ ಫುಟ್‌ಪಾತ್ ಪುಸ್ತಕದ ಸಾಲು ನೋಡಿರಿ. ಫೋಟೊ ಸಿಕ್ಕರೆ ಅದಷ್ಟನ್ನೇ ಕತ್ತರಿಸಬೇಡಿ. ಪೂರ್ತಿ ಪುಟ ಇಡಿ. ಪತ್ರಿಕೆಯ ಹೆಸರು, ತಾರೀಖು ಹೋದರೆ ಸಾಕ್ಷಿಯೇ ಹೋದಂತೆ.

ಪರೀಕ್ಷೆ ಹೇಗೆ? ಬ್ಯಾಂಕಿನ ಕೌಂಟರಿನಲ್ಲಿ ನಾವು ನೋಟು ನೋಡುತ್ತಿದ್ದ ಕ್ರಮವೇ ಇಲ್ಲೂ ನಡೆಯುತ್ತದೆ. ಮೊದಲು ಅಳತೆ: 1933ರ ಗೌಡಿ ಕಾರ್ಡು ಸುಮಾರು ಎರಡು ಮುಕ್ಕಾಲು ಇಂಚಿಗಿಂತ ತುಸು ಉದ್ದ. ಸವೆದ ಅಂಚನ್ನು ಕತ್ತರಿಸಿ ಹೊಸದರಂತೆ ಮಾಡಿದ್ದರೆ ಅಳತೆ ಕಡಿಮೆ ಬೀಳುತ್ತದೆ. ಎರಡನೆಯದು ಭೂತಗನ್ನಡಿ: ಅಚ್ಚಿನ ಚುಕ್ಕೆ, ಅಕ್ಷರದ ಅಂಚು ನೋಡಿ, ಅಸಲಿ ಕಾರ್ಡಿನ ಜೊತೆ ಹೋಲಿಸಿರಿ, ಫೋಟೊ ತೆಗೆದು ಮರುಮುದ್ರಿಸಿದ್ದರಲ್ಲಿ ಅಕ್ಷರದ ಅಂಚು ಒಡೆದಿರುತ್ತದೆ. ಮೂರನೆಯದು ನೋಟು ನೋಡುವ ನೀಲಿ ದೀಪ: ಮಹಾಯುದ್ಧಕ್ಕೂ ಹಿಂದಿನದು ಎನ್ನುವ ಕಾರ್ಡು ಅದರ ಕೆಳಗೆ ಬೆಳ್ಳಗೆ ಹೊಳೆದರೆ ಅನುಮಾನಪಡಿ. ಹೊಳಪಿನ ರಾಸಾಯನಿಕ ಕಾಗದಕ್ಕೆ ಸೇರಿದ್ದು ಆ ಬಳಿಕ.

ಬೆಲೆಯ ಮಾತು ಕೇಳಿ ಮರುಳಾಗಬೇಡಿ. 2022ರಲ್ಲಿ ಮಿಕಿ ಮ್ಯಾಂಟಲ್ ಎಂಬ ಮಹಾ ಆಟಗಾರನ 1952ರ ಕಾರ್ಡು 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಅದು ಹೆಸರಾಂತ ಆಟಗಾರನದು, ಅಪರೂಪವಾಗಿ ಕೆಡದೆ ಉಳಿದದ್ದು. ಅದನ್ನು ತೋರಿಸಿ ಯಾರಾದರೂ ನಿಮ್ಮಿಂದ ಸಾವಿರಗಟ್ಟಲೆ ಕೇಳಿದರೆ ಕೈ ಮುಗಿದು ಬನ್ನಿರಿ. ಹೆಚ್ಚು ಹೆಸರಾಗದವರ ಕಾರ್ಡು ಅಗ್ಗಕ್ಕೆ ಸಿಗುತ್ತದೆ. ಬಡವನ ಹವ್ಯಾಸಕ್ಕೆ ಅದೇ ಅನುಕೂಲ.

ಕಾಪಾಡುವ ಬಗೆ ಸರಳ. ಅಂಟು, ಸೆಲ್ಲೊ ಟೇಪು ತಾಗಿಸಬೇಡಿ. ಲ್ಯಾಮಿನೇಶನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ವಾಸನೆ ಬೀರುವ ಮೆತ್ತನೆಯ ಪ್ಲಾಸ್ಟಿಕ್ಕು ಕಾಲಾಂತರದಲ್ಲಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ; ಬೇಡ. ಶುಭ್ರವಾದ ಲಕೋಟೆಯಲ್ಲಿಟ್ಟು, ಬಿಸಿಲು, ತೇವ, ಗೆದ್ದಲು ತಾಗದ ಕಡೆ, ನೆಲದಿಂದ ಎತ್ತರಕ್ಕೆ ಇಡಿ. ಒಂದು ನೋಟುಬುಕ್ಕಿನಲ್ಲಿ ಯಾರದು, ಯಾವಾಗ, ಯಾರಿಂದ, ಎಷ್ಟಕ್ಕೆ, ಯಾವ ಸ್ಥಿತಿಯಲ್ಲಿ ಸಿಕ್ಕಿತು ಎಂದು ಬರೆಯಿರಿ. ನಿಮ್ಮ ಮಕ್ಕಳಿಗೆ ಕಾರ್ಡಿಗಿಂತ ಆ ಪುಸ್ತಕವೇ ಹೆಚ್ಚು ಬೆಲೆಬಾಳೀತು.

ಈ ಸಲ ರದ್ದಿಯವನು ಬಾಗಿಲಿಗೆ ಬಂದಾಗ ತಕ್ಕಡಿ ಎತ್ತುವ ಮುಂಚೆ ಹಳೆಯ ಕಟ್ಟನ್ನು ಒಮ್ಮೆ ಬಿಚ್ಚಿ ನೋಡಿರಿ. ಕೃಷ್ಣಮೂರ್ತಿಯವರಂಥವರ ಹೆಸರು ಕಿಲೋ ಲೆಕ್ಕದಲ್ಲಿ ಹೋಗಿಬಿಡಬಾರದು.