ಎಲುಬಿನ ಬೂದಿಯಿಂದ ಎದ್ದ ಕಾರ್ಖಾನೆ

ಕಲ್ಕತ್ತೆಯ ಅಪ್ಪರ್ ಸರ್ಕ್ಯುಲರ್ ರಸ್ತೆಯ 91ನೇ ನಂಬರಿನ ಬಾಡಿಗೆ ಮನೆ. 1890ರ ದಶಕದ ಆರಂಭದ ಒಂದು ಚಳಿಗಾಲ. ಮನೆಯ ತಾರಸಿಯ ತುಂಬ ದನದ ಎಲುಬು. ರಾಜಾಬಜಾರಿನ ಕಸಾಯಿಗಳಿಂದ ಮೂಟೆಗಟ್ಟಲೆ ಕೊಂಡು ತಂದು, ಬಿಸಿಲಿಗೆ ಒಣಗಲಿ ಎಂದು ಹರವಿದ್ದು. ಆದರೆ ಆ ಸಲ ಜನವರಿಯಲ್ಲೇ ಮಳೆ ಹಿಡಿದುಕೊಂಡಿತು. ಎಲುಬಿಗೆ ಅಂಟಿದ್ದ ಮಾಂಸ ಕೊಳೆತು ಹುಳ ಬಿತ್ತು. ನಾತ ಬೀದಿಗೆಲ್ಲ ಹಬ್ಬಿತು. ಕಾಗೆಗಳು ತುಂಡುಗಳನ್ನು ಕಚ್ಚಿಕೊಂಡು ಹೋಗಿ ಅಕ್ಕಪಕ್ಕದ ಮನೆಗಳಲ್ಲಿ ಬೀಳಿಸತೊಡಗಿದವು. ಮಡಿವಂತ ನೆರೆಹೊರೆಯವರು ಬಾಗಿಲಿಗೆ ಬಂದು ನಿಂತರು. ಇದನ್ನು ತೆಗೆಸದಿದ್ದರೆ ಮುನಿಸಿಪಾಲಿಟಿಗೆ ದೂರು ಕೊಡುತ್ತೇವೆ ಎಂದರು.

ಆ ಮನೆಯಲ್ಲಿದ್ದವರು ಪ್ರೆಸಿಡೆನ್ಸಿ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು, ಎಡಿನ್‌ಬರೊ ವಿಶ್ವವಿದ್ಯಾಲಯದ ಡಿ.ಎಸ್ಸಿ. ಪದವೀಧರ ಪ್ರಫುಲ್ಲಚಂದ್ರ ರೇ. ಅವರು ಆ ಎಲುಬನ್ನೆಲ್ಲ ಊರಾಚೆಯ ಮಾಣಿಕ್‌ತಲಾಕ್ಕೆ ಸಾಗಿಸಿ ರಾಶಿ ಹಾಕಿ ಬೆಂಕಿ ಕೊಟ್ಟರು. ನಡುರಾತ್ರಿ ಉರಿ ಕಂಡ ಪೊಲೀಸರು ಓಡಿ ಬಂದರು. ಯಾರನ್ನೋ ಕೊಂದು ಹೆಣ ಸುಡುತ್ತಿದ್ದಾರೆಂದು ಅವರ ಗುಮಾನಿ. ಬಿದಿರು ಗಳುವಿನಿಂದ ರಾಶಿ ಕೆದಕಿ, ಇದು ಮನುಷ್ಯರ ಮೂಳೆಯಲ್ಲ ಎಂದು ತೋರಿಸಿದ ಮೇಲೇ ಅವರು ಹೋದದ್ದು. ಉಳಿದ ಬೂದಿಗೆ ಗಂಧಕಾಮ್ಲ ಬೆರೆಸಿ ರೇ ಅವರು ಸುಣ್ಣದ ಸೂಪರ್ ಫಾಸ್ಫೇಟ್ ತಯಾರಿಸಿದರು. ಅದರಿಂದ ಸೋಡಾ ಫಾಸ್ಫೇಟ್. ಎರಡೂ ಅದುವರೆಗೆ ಹಡಗಿನಲ್ಲಿ ವಿಲಾಯಿತಿಯಿಂದ ಬರುತ್ತಿದ್ದ ಸರಕು.

ಬಂಗಾಳಿಗಳೆಂದರೆ ನಮ್ಮ ಕಣ್ಣ ಮುಂದೆ ಬರುವುದು ಕವಿಗಳು, ಸಿನಿಮಾ ನಿರ್ದೇಶಕರು, ಫುಟ್‌ಬಾಲ್, ಮೀನು, ರಸಗುಲ್ಲ. ವ್ಯಾಪಾರ ಅವರ ಜಾಯಮಾನವಲ್ಲ ಎನ್ನುವುದು ದೇಶದಲ್ಲೆಲ್ಲ ಓಡಾಡುವ ಮಾತು. ಅವರೂ ಅದನ್ನು ಒಪ್ಪಿಕೊಂಡಂತೆ ಮಾತಾಡುತ್ತಾರೆ. ನನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ. ಅಮೆರಿಕದ ಹಡಗು ವರ್ತಕರಿಗೆ ಕಲ್ಕತ್ತೆಯಲ್ಲಿ ಎಲ್ಲ ವ್ಯವಹಾರ ನೋಡಿಕೊಳ್ಳುತ್ತಿದ್ದ ರಾಮದುಲಾಲ್ ದೇ ಅವರ ಹೆಸರನ್ನು ಆ ವರ್ತಕರು ತಮ್ಮ ಹಡಗೊಂದಕ್ಕೇ ಇಟ್ಟಿದ್ದರು. ರವೀಂದ್ರನಾಥ ಠಾಕೂರರ ಅಜ್ಜ ದ್ವಾರಕಾನಾಥರು 1834ರಲ್ಲಿ ಇಂಗ್ಲಿಷ್ ಪಾಲುದಾರನ ಜೊತೆ ಕಾರ್, ಟಾಗೋರ್ ಕಂಪನಿ ಕಟ್ಟಿದರು. ರಾಣಿಗಂಜ್ ಕಲ್ಲಿದ್ದಲು, ಹಡಗು ಎಳೆಯುವ ಉಗಿದೋಣಿ, ನೀಲಿ, ರೇಷ್ಮೆ, ಯೂನಿಯನ್ ಬ್ಯಾಂಕ್, ಎಲ್ಲದರಲ್ಲೂ ಅವರ ಕೈಯಿತ್ತು. 1846ರಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು. ಎರಡು ವರ್ಷ ಕಳೆಯುವುದರೊಳಗೆ ಬ್ಯಾಂಕೂ ಮುಳುಗಿತು, ಕಂಪನಿಯೂ ಮುಳುಗಿತು. ಮಗ ದೇವೇಂದ್ರನಾಥರು ವರ್ಷಗಟ್ಟಲೆ ಆ ಸಾಲ ತೀರಿಸಿದರು.

ಆ ಪೆಟ್ಟು ಒಂದು ಮನೆಗಷ್ಟೇ ಬಿದ್ದದ್ದಲ್ಲ. ಹಣವಿದ್ದವರು ವ್ಯಾಪಾರಕ್ಕೆ ಹೆದರಿ ಜಮೀನಿನ ಕಡೆ ತಿರುಗಿದರು. 1793ರ ಖಾಯಂ ಜಮೀನ್ದಾರಿ ಕಾಯ್ದೆಯಿಂದಾಗಿ ಕೂತಲ್ಲೇ ಗೇಣಿ ಬರುತ್ತಿತ್ತು. ಓದಿದವರಿಗೆ ಸರ್ಕಾರಿ ಕಚೇರಿಯ ಕುರ್ಚಿ ಕಾದಿತ್ತು. ಒಂದು ತಲೆಮಾರಿನಲ್ಲಿ ವರ್ತಕರ ಮಕ್ಕಳು ಗುಮಾಸ್ತರೂ ವಕೀಲರೂ ಆದರು. ಕಳೆದುಹೋದದ್ದು ಬುದ್ಧಿಯಲ್ಲ, ದುಡ್ಡೂ ಅಲ್ಲ. ಕಸಬು ಒಬ್ಬರಿಂದ ಒಬ್ಬರಿಗೆ ದಾಟುವ ದಾರಿ ಎಂದು ನನಗೆ ಅನ್ನಿಸುತ್ತದೆ. ಮಾರವಾಡಿ ಹುಡುಗ ಮಾವನ ಗದ್ದಿಗೆಯ ಪಕ್ಕ ಕೂತು ಲೆಕ್ಕ ಕಲಿಯುತ್ತಾನೆ. ಬಂಗಾಳಿ ಹುಡುಗನಿಗೆ ಕೂರಲು ಅಂಥ ಗದ್ದಿಗೆ ಇರಲಿಲ್ಲ.

ರೇ ಅವರನ್ನು ಕಾಡಿದ್ದೂ ಇದೇ ಸಂಕಟ. ತಮ್ಮ ಕೈಕೆಳಗೆ ಕಲಿತ ಹುಡುಗರು ಪದವಿ ಹಿಡಿದು ಕಚೇರಿಯ ಮೆಟ್ಟಿಲು ಸವೆಸುವುದನ್ನು ಅವರು ವರ್ಷವರ್ಷವೂ ನೋಡುತ್ತಿದ್ದರು. ಭಾಷಣ ಮಾಡಿ ಸುಮ್ಮನಾಗುವ ಜೀವ ಅಲ್ಲ ಅದು. ತಮಗೆ ಬರುತ್ತಿದ್ದ 250 ರೂಪಾಯಿ ಸಂಬಳದಲ್ಲಿ ತಂದೆಯ ಸಾಲವನ್ನೂ ತೀರಿಸುತ್ತ, 1892ರಲ್ಲಿ ಸುಮಾರು 700 ರೂಪಾಯಿ ಬಂಡವಾಳದಿಂದ ಅದೇ ಬಾಡಿಗೆ ಮನೆಯಲ್ಲಿ ಬೆಂಗಾಲ್ ಕೆಮಿಕಲ್ ಶುರು ಮಾಡಿದರು. ಹಗಲು ಕಾಲೇಜು, ಸಂಜೆ ಮನೆಯಲ್ಲೇ ಭಟ್ಟಿ, ಸೋಸುಬಟ್ಟೆ, ಸೀಸೆ, ಲೇಬಲ್. ಇಪ್ಪತ್ತು ವರ್ಷಗಳ ಮೇಲೆ ಮೈಸೂರಿನಲ್ಲಿ ಗಂಧದೆಣ್ಣೆ, ಸೋಪಿನ ಕಾರ್ಖಾನೆಗಳು ಎದ್ದಾಗ ಮಹಾರಾಜರ ಬೊಕ್ಕಸ ಬೆನ್ನಿಗಿತ್ತು. ಕಲ್ಕತ್ತೆಯ ಈ ಮೇಷ್ಟ್ರ ಬೆನ್ನಿಗೆ ಇದ್ದದ್ದು ತಿಂಗಳ ಸಂಬಳ ಮಾತ್ರ.

ಮದ್ದು ತಯಾರಿಸುವುದು ಕಷ್ಟವಾಗಲಿಲ್ಲ, ಮಾರುವುದು ಕಷ್ಟವಾಯಿತು. ದೇಶಿ ಹೆಸರಿನ ಔಷಧಿ ನಮ್ಮ ಗಿರಾಕಿಗಳಿಗೆ ಬೇಡ ಎಂದು ಅಂಗಡಿಯವರು ಕೈಯಾಡಿಸಿದರು. ಆಗ ನೆರವಿಗೆ ಬಂದವರು ಡಾಕ್ಟರು ಅಮೂಲ್ಯಚರಣ ಬೋಸ್. ಅವರ ಸಲಹೆಯಿಂದ ಹಿತ್ತಿಲ ಮದ್ದುಗಳು ಸೀಸೆಗೆ ಇಳಿದವು: ಕೆಮ್ಮಿಗೆ ಆಡುಸೋಗೆಯ ಸಿರಪ್, ಭೇದಿಗೆ ಕೊಡಸಿಗ, ಜ್ವರಕ್ಕೆ ನೆಲಬೇವು. ಅಜ್ಜಿಯರಿಗೆ ಗೊತ್ತಿದ್ದ ಸೊಪ್ಪುಬೇರುಗಳೇ; ಆದರೆ ಅಳತೆ ಖಚಿತ, ಶುದ್ಧಿ ಖಚಿತ, ಒಂದು ಸೀಸೆಗೂ ಇನ್ನೊಂದು ಸೀಸೆಗೂ ವ್ಯತ್ಯಾಸವಿಲ್ಲ. ಇವುಗಳ ಜೊತೆ ಅಕ್ವಾ ಟೈಕೋಟಿಸ್ ಎಂಬ ದೊಡ್ಡ ಹೆಸರಿನದೊಂದು. ನಮ್ಮ ಮನೆಗಳಲ್ಲಿ ಅಜೀರ್ಣಕ್ಕೆ ಕುಡಿಸುವ ಓಮದ ನೀರು ಅದು! ಕಲ್ಕತ್ತೆಯಲ್ಲಿ ದೇಶದ ವೈದ್ಯರ ಸಮ್ಮೇಳನ ನಡೆದಾಗ ಈ ಸೀಸೆಗಳನ್ನು ಅಲ್ಲಿ ಸಾಲಾಗಿ ಇಟ್ಟರು. ಅಲ್ಲಿಂದ ಡಾಕ್ಟರುಗಳು ಚೀಟಿಯಲ್ಲಿ ಬರೆಯತೊಡಗಿದರು.

ನಗುನಗುತ್ತ ಹೇಳಿ ಮುಗಿಸುವ ಕಥೆಯಲ್ಲ ಇದು. ರಸಾಯನಶಾಸ್ತ್ರದ ಎಂ.ಎ. ಮಾಡಿ ಒಳ್ಳೆಯ ನೌಕರಿಯ ದಾರಿ ಬಿಟ್ಟು ಇವರ ಜೊತೆ ಸೇರಿದ್ದ ತರುಣ ಸತೀಶಚಂದ್ರ ಸಿನ್ಹಾ ಕೆಲಸದ ನಡುವೆಯೇ ಅಕಸ್ಮಾತ್ತಾಗಿ ಸಯನೈಡ್ ವಿಷಕ್ಕೆ ಬಲಿಯಾದ. 1898ರಲ್ಲಿ ಪ್ಲೇಗು ಅಮೂಲ್ಯಚರಣರನ್ನು ಕೊಂಡೊಯ್ದಿತು. ಎರಡು ಕೈಗಳೂ ಮುರಿದಂತಾಗಿದ್ದ ರೇ ಅವರು ಆಗ ಕಾರ್ಖಾನೆ ಮುಚ್ಚಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಮುಚ್ಚಲಿಲ್ಲ. 1901ರಲ್ಲಿ ಅದು ಲಿಮಿಟೆಡ್ ಕಂಪನಿಯಾಯಿತು. ಕೆಲವೇ ವರ್ಷಗಳಲ್ಲಿ ಮಾಣಿಕ್‌ತಲಾದಲ್ಲಿ ದೊಡ್ಡ ಕಾರ್ಖಾನೆ ಎದ್ದಿತು, 1920ರಲ್ಲಿ ಪಾಣಿಹಾಟಿಯಲ್ಲಿ ಇನ್ನೊಂದು. ಗಂಧಕಾಮ್ಲವನ್ನೂ ತಾವೇ ಮಾಡತೊಡಗಿದರು.

ಆಮ್ಲ, ಔಷಧಿಗಳಿಗಿಂತ ಆ ಕಾರ್ಖಾನೆ ಹೆಚ್ಚು ಚೆನ್ನಾಗಿ ತಯಾರಿಸಿದ್ದು ಮನುಷ್ಯರನ್ನು. 1903ರಲ್ಲಿ ಕೆಲಸಕ್ಕೆ ಸೇರಿದ ರಾಜಶೇಖರ ಬಸು ಬೇಗನೆ ಮ್ಯಾನೇಜರಾಗಿ, ಜಾಹೀರಾತಿನ ಒಕ್ಕಣೆಯಿಂದ ಹಿಡಿದು ಆಮ್ಲದ ಕೋಣೆಯವರೆಗೆ ಎಲ್ಲವನ್ನೂ ನೋಡಿಕೊಂಡರು. ಬಂಗಾಳಿ ಓದುಗರಿಗೆ ಅವರು ಪರಶುರಾಮ ಎಂಬ ಹೆಸರಿನ ಹಾಸ್ಯ ಕಥೆಗಾರ, ಚಲಂತಿಕಾ ನಿಘಂಟಿನ ಕರ್ತೃ. ಷೇರು ಹಣ ನುಂಗುವ ಖೊಟ್ಟಿ ಕಂಪನಿಯ ಬಗ್ಗೆ ಅವರು ಬರೆದ ಮೊದಲ ಕಥೆ ಅಷ್ಟು ಮೊನಚಾಗಿರುವುದು, ನಿಜವಾದ ಕಂಪನಿ ನಡೆಸುವುದರ ಕಷ್ಟ ಅವರಿಗೆ ದಿನನಿತ್ಯ ಗೊತ್ತಿದ್ದರಿಂದ.

ಇನ್ನೊಬ್ಬರು ಸತೀಶಚಂದ್ರ ದಾಸ್‌ಗುಪ್ತಾ. ಬೆಂಕಿ ಆರಿಸುವ ಉಪಕರಣವೊಂದನ್ನು ರೂಪಿಸಿ ಹೆಸರಾಗಿದ್ದ ಈ ರಸಾಯನ ತಜ್ಞ ಗಾಂಧೀಜಿಯ ಸೆಳೆತಕ್ಕೆ ಸಿಕ್ಕಿ, ಬೆಂಗಾಲ್ ಕೆಮಿಕಲ್ ಬಿಟ್ಟು ಸೋದೆಪುರದಲ್ಲಿ ಖಾದಿ ಪ್ರತಿಷ್ಠಾನ ಕಟ್ಟಿದರು. ಬರೆಯಲು ಸ್ವದೇಶಿ ಮಸಿ ಬೇಕು ಎಂದು ಗಾಂಧೀಜಿ ಕೇಳಿದಾಗ ಅದನ್ನು ಮಾಡಿಕೊಟ್ಟವರು ಇವರೇ. ಅದರ ಪಾಕವನ್ನು ರಾಜಶಾಹಿಯ ಮೈತ್ರಾ ಸಹೋದರರ ಕೈಗೆ ಕೊಟ್ಟರು. 1934ರಲ್ಲಿ ಅವರು ಶುರು ಮಾಡಿದ್ದು ಸುಲೇಖಾ ಮಸಿ. ಬಾಡಿಗೆ ಮನೆಯ ತಾರಸಿಯಿಂದ ಹೊರಟ ವಿದ್ಯೆ ಹೀಗೆ ಕೈಯಿಂದ ಕೈಗೆ ದಾಟಿ, ಬಂಗಾಳದ ಶಾಲೆಗಳ ಡೆಸ್ಕಿನ ಮೇಲಿನ ಮಸಿ ಕುಡಿಕೆಗೆ ಬಂದು ಮುಟ್ಟಿತು.

ಅದೇ ಸ್ವದೇಶಿ ಗಾಳಿಯಲ್ಲಿ ಎಷ್ಟೋ ಬಾಗಿಲು ತೆರೆದವು. ರಬ್ಬರು ಬಳಿದ ಬಟ್ಟೆಯ ಮಳೆಯಂಗಿ ತಂದ ಸುರೇಂದ್ರಮೋಹನ ಬೋಸರ ಡಕ್‌ಬ್ಯಾಕ್ 1920ರದು. 1929ರಲ್ಲಿ ಗೌರಮೋಹನ ದತ್ತರು ಹೊರತಂದ ಬೊರೋಲಿನ್ ಇನ್ನೂ ಅದೇ ಹಸಿರು ಟ್ಯೂಬಿನಲ್ಲಿದೆ, ಅದೇ ಆನೆ ಗುರುತು. ಒಡೆದ ಹಿಮ್ಮಡಿಗೂ ಸುಟ್ಟ ಬೆರಳಿಗೂ ಅದನ್ನೇ ಹಚ್ಚುವ ಬಂಗಾಳಿ ತಾಯಂದಿರಿಗೆ ಅದು ಮನೆದೇವರಷ್ಟೇ ಹತ್ತಿರ. ನಮ್ಮ ಬೆಂಗಳೂರಿಗೂ ಈ ಕಥೆಯ ಒಂದು ಎಳೆ ಬಂದು ತಾಗಿದೆ. ಬಾಗ್‌ಬಜಾರಿನಲ್ಲಿ ರಸಗುಲ್ಲಕ್ಕೆ ಹೆಸರಾದ ನವೀನಚಂದ್ರ ದಾಸರ ಮನೆತನ, ಬೇಗ ಕೆಡುವ ಆ ಮಿಠಾಯಿಯನ್ನು ಡಬ್ಬಿಯಲ್ಲಿ ತುಂಬಿ ದೂರದ ಊರಿಗೆ ಕಳಿಸುವ ದಾರಿಯನ್ನೂ ಕಂಡುಕೊಂಡಿತ್ತು. 1965ರಲ್ಲಿ ಹಾಲಿನ ಕೊರತೆಯೆಂದು ಪಶ್ಚಿಮ ಬಂಗಾಳ ಸರ್ಕಾರ, ಹಾಲು ಒಡೆಸಿ ತೆಗೆದ ಛೇನಾದ ಸಿಹಿತಿಂಡಿಗಳನ್ನೇ ನಿಷೇಧಿಸಿದಾಗ ಅಲ್ಲಿನ ಮಿಠಾಯಿಗಾರರೆಲ್ಲ ಕಂಗೆಟ್ಟರು. ದಾಸರ ಮನೆತನ ಬೇರೆ ಊರಿನ ಕಡೆ ನೋಡಿತು; 1972ರಲ್ಲಿ ಅವರ ಕೆ.ಸಿ. ದಾಸ್ ಅಂಗಡಿ ಬೆಂಗಳೂರಿನ ಚರ್ಚ್ ಸ್ಟ್ರೀಟ್ ಸೇಂಟ್ ಮಾರ್ಕ್ಸ್ ರಸ್ತೆಗೆ ಸೇರುವ ಮೂಲೆಯಲ್ಲಿ ಬಾಗಿಲು ತೆರೆಯಿತು. ಆ ಮೂಲೆಯಲ್ಲಿ ನಿಂತು, ಬೆರಳಿನಿಂದ ಒತ್ತಿದರೆ ಪಾಕ ಬಿಟ್ಟು, ಬಿಟ್ಟರೆ ಮತ್ತೆ ಉಬ್ಬುವ ರಸಗುಲ್ಲ ತಿನ್ನದ ಬೆಂಗಳೂರಿಗರು ಕಡಿಮೆ.

ಬೆಂಗಾಲ್ ಕೆಮಿಕಲ್‌ನ ಮುಂದಿನ ದಿನಗಳು ಒಳ್ಳೆಯವಾಗಿರಲಿಲ್ಲ. 1944ರಲ್ಲಿ ರೇ ತೀರಿಕೊಂಡರು. ಮದುವೆಯಾಗದೆ ಸೈನ್ಸ್ ಕಾಲೇಜಿನ ಒಂದು ಕೋಣೆಯಲ್ಲಿ ಬಾಳಿದವರು. 60 ತುಂಬಿದ ಮೇಲೆ ತಮ್ಮ ಸಂಬಳವನ್ನು ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟವರು. ಮೂರು ವರ್ಷಗಳ ಮೇಲೆ ದೇಶ ಒಡೆದು, ಪೂರ್ವ ಬಂಗಾಳದ ಮಾರುಕಟ್ಟೆ ಗಡಿಯಾಚೆ ಹೋಯಿತು. ಅವರು ಹುಟ್ಟಿದ ರಾರುಲಿ ಹಳ್ಳಿಯೂ ಆಚೆಗೇ ಹೋಯಿತು. ಹಳೆಯ ಯಂತ್ರ, ಮುಷ್ಕರ, ಸಾಲ, ಆಡಳಿತದ ಜಡತ್ವ ಕಂಪನಿಯನ್ನು ಕೆಳಗೆಳೆದವು. 1980ರಲ್ಲಿ ಸರ್ಕಾರ ಅದನ್ನು ತನ್ನದಾಗಿಸಿಕೊಂಡಿತು. ದಶಕಗಟ್ಟಲೆ ನಷ್ಟದ ನಂತರ 2016-17ರಲ್ಲಿ ಲಾಭದ ಮುಖ ಕಂಡಿತು. 2020ರಲ್ಲಿ ಕೊರೊನಾ ಬಂದು ಹೈಡ್ರಾಕ್ಸಿಕ್ಲೊರೊಕ್ವಿನ್ ಮಾತ್ರೆಗೆ ಜನ ಮುಗಿಬಿದ್ದಾಗ ಈ ಮುದುಕ ಕಂಪನಿಯ ಹೆಸರು ಮತ್ತೆ ಪತ್ರಿಕೆಗಳಲ್ಲಿ ಬಂತು. ಸುಲೇಖಾ ಕೂಡ 1980ರ ದಶಕದ ಕೊನೆಗೆ ಮುಚ್ಚಿತ್ತು. ಹಲವು ವರ್ಷ ಜಾದವಪುರದಲ್ಲಿ ಅದರ ಕಾರ್ಖಾನೆಗೆ ಬೀಗ; ಆದರೂ ಅಲ್ಲಿನ ನಿಲ್ದಾಣವನ್ನು ಜನ ಸುಲೇಖಾ ಎಂದೇ ಕರೆದರು. 2006ರಲ್ಲಿ ಕಂಪನಿ ಮತ್ತೆ ತೆರೆಯಿತು, 2020ರಲ್ಲಿ ಮಸಿ ಸೀಸೆಗಳೂ ಮರಳಿ ಬಂದವು.

ಗಡಿಯಾಚೆಯ ಬಂಗಾಳಿಗಳನ್ನು ಬಿಟ್ಟು ಈ ಮಾತು ಮುಗಿಸಿದರೆ ಅರ್ಧವೇ ಹೇಳಿದಂತೆ. 1979ರಲ್ಲಿ ಬಾಂಗ್ಲಾದೇಶದ ನೂರುಲ್ ಖಾದರ್ ಅವರು ತಮ್ಮ ದೇಶ್ ಗಾರ್ಮೆಂಟ್ಸ್‌ಗೆ ಸೇರಿಸಿಕೊಂಡ 130 ಮಂದಿಯನ್ನು ದಕ್ಷಿಣ ಕೊರಿಯಾದ ದೇವೂ ಕಂಪನಿಗೆ ಕಳಿಸಿದರು. ಬಟ್ಟೆ ಕತ್ತರಿಸುವುದು, ಹೊಲಿಯುವುದು, ಲೈನು ನಡೆಸುವುದು, ರಫ್ತಿನ ಕಾಗದಪತ್ರ, ಎಲ್ಲವನ್ನೂ ಕಲಿತು ಅವರು ಚಟ್ಟಗ್ರಾಮಕ್ಕೆ ಮರಳಿದರು. ಮುಂದಿನ ವರ್ಷಗಳಲ್ಲಿ ಅವರಲ್ಲಿ ಬಹುಪಾಲು ಜನ ದೇಶ್ ಬಿಟ್ಟು ಸ್ವಂತ ಕಾರ್ಖಾನೆ ಹಾಕಿದರು, ಇಲ್ಲವೇ ಹಾಕುವವರ ಜೊತೆ ಸೇರಿದರು. ಖಾದರ್ ಅವರಿಗೆ ಅದು ನಷ್ಟವೇ. ಆ ದೇಶಕ್ಕೆ ಅದರಿಂದ ಒಂದು ಉದ್ಯಮವೇ ಬೆಳೆಯಿತು. ನಮ್ಮ ಅಂಗಿಯ ಕೊರಳಪಟ್ಟಿಯಲ್ಲಿ ಇವತ್ತು ಬಾಂಗ್ಲಾದೇಶದ ಹೆಸರು ಕಂಡರೆ, ಅದರ ಹಿಂದೆ ಆ 130 ಜನರ ಕೊರಿಯಾ ಪ್ರಯಾಣವಿದೆ.

ಬಡವರ ನಡುವೆ ಕೆಲಸ ಮಾಡುವ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯದೂ ಅಂಥದೇ ದಾರಿ. ಶೆಲ್ ಎಣ್ಣೆ ಕಂಪನಿಯ ದೊಡ್ಡ ನೌಕರಿಯಲ್ಲಿದ್ದ ಫಜ್ಲೆ ಹಸನ್ ಆಬೆದ್ ಲಂಡನ್ನಿನ ತಮ್ಮ ಮನೆ ಮಾರಿದ ಹಣದಿಂದ 1972ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದಲ್ಲಿ ನೊಂದವರ ನಡುವೆ ಕೆಲಸ ಶುರು ಮಾಡಿದರು. ಅದೇ ಬ್ರಾಕ್‌ನಲ್ಲಿ 1980ರ ದಶಕದಲ್ಲಿ ಕೆಲಸಕ್ಕೆ ಸೇರಿ ಹಳ್ಳಿ ಸುತ್ತಿದವರು ಚಂದ್ರಶೇಖರ ಘೋಷ್. ಅವರು ಅಗರ್ತಲಾದ ಸಣ್ಣ ಮಿಠಾಯಿ ಅಂಗಡಿಯವರ ಮಗ. ಬಡ ಹೆಂಗಸರ ಕೈಗೆ ಸಾಲ ಕೊಟ್ಟರೆ ಅದು ಹೇಗೆ ಕೋಳಿಯಾಗಿ, ಹೊಲಿಗೆ ಯಂತ್ರವಾಗಿ, ವಾರದ ಕಂತಾಗಿ ಮರಳುತ್ತದೆ ಎಂಬುದನ್ನು ಕಂಡಿದ್ದ ಅವರು 2001ರಲ್ಲಿ ಬಂಧನ್ ಕಟ್ಟಿ, ಹೌರಾ ಜಿಲ್ಲೆಯ ಬಾಗ್ನಾನ್‌ನಲ್ಲಿ ಮೊದಲ ಸಾಲಗಳನ್ನು ಕೊಟ್ಟರು. 2015ರ ಆಗಸ್ಟಿನಲ್ಲಿ ಅದು ಬ್ಯಾಂಕ್ ಆಯಿತು. ಯೂನಿಯನ್ ಬ್ಯಾಂಕ್ ಮುಳುಗಿದ ಊರಿನಲ್ಲೇ ಅದರ ಮುಖ್ಯ ಕಚೇರಿ.

ಮಾಣಿಕ್‌ತಲಾದ ಕಾರ್ಖಾನೆ ಇನ್ನೂ ಅಲ್ಲೇ ಇದೆ. ಬೆಂಗಾಲ್ ಕೆಮಿಕಲ್‌ನ ಫಿನಾಯಿಲ್ ಸೀಸೆ, ನುಸಿಗುಳಿಗೆಯ ಪೊಟ್ಟಣ ಕೋಲ್ಕತ್ತದ ಅಂಗಡಿಗಳಲ್ಲಿ ಸಿಗುತ್ತವೆ. ಓಮದ ನೀರೂ ಸಿಗುತ್ತದೆ. ಕಾಗೆಗಳು ಎಲುಬು ಕಚ್ಚಿಕೊಂಡು ಹಾರಿದ ಆ ಅಪ್ಪರ್ ಸರ್ಕ್ಯುಲರ್ ರಸ್ತೆಗೆ ಈಗ ಆಚಾರ್ಯ ಪ್ರಫುಲ್ಲಚಂದ್ರ ರಸ್ತೆ ಎಂದು ಹೆಸರು.