ತಲೆಗೆ ಐದು

ಮಲೆನಾಡಿನ ಬ್ಯಾಕೋಡಿನಿಂದ ನಿಟ್ಟೂರಿನ ಮೇಲೆ ಹಾದರೆ ಹೊಸನಗರ ತಾಲ್ಲೂಕಿನ ನಗರ ಸಿಗುತ್ತದೆ. ಕೆಳದಿ ಅರಸರ ಬಿದನೂರು. 1763ರಲ್ಲಿ ಹೈದರಾಲಿ ಗೆದ್ದು ತನ್ನ ಹೆಸರಿಟ್ಟ ಊರು. 2018ರ ಜುಲೈಯಲ್ಲಿ ಅಲ್ಲಿನ ಹಾಳುಬಾವಿಯೊಂದನ್ನು ಪುರಾತತ್ವ ಇಲಾಖೆ ಅಗೆಸಿತು. ಮಣ್ಣಿಗೆ ಮದ್ದಿನ ವಾಸನೆಯಿತ್ತು. ಹದಿನೈದು ಜನ ಮೂರು ದಿನ ತೋಡಿದರು. ತುಕ್ಕು ಹಿಡಿದ ಗೇಣುದ್ದದ ಕಬ್ಬಿಣದ ಕೊಳವೆಗಳು ಸಾವಿರಕ್ಕೂ ಮಿಕ್ಕಿ ಮೇಲೆ ಬಂದವು. ಟಿಪ್ಪು ಕಾಲದ ರಾಕೆಟ್‌ಗಳು!

ಸಾವಿರ ದೊಡ್ಡದೇ? ಸಾಲಾಗಿ ಜೋಡಿಸಿದರೆ ಕಾಲು ಕಿಲೋಮೀಟರ್ ಹತ್ತಿರ. ಆದರೆ ಸಿಪಾಯಿಗಳಿಗೆ ಹಂಚಿ ನೋಡಿ. ಟಿಪ್ಪುವಿನ ಕಾಲ್ದಳ ಕುಶೂನ್ ಎಂಬ ದೊಡ್ಡ ತುಕಡಿಗಳಾಗಿ, ಕುಶೂನು ಜೌಕ್ ಎಂಬ ಸಣ್ಣ ತುಕಡಿಗಳಾಗಿ ಒಡೆಯುತ್ತಿತ್ತು. ಒಂದು ಕುಶೂನಿಗೆ ರಾಕೆಟ್ ಹಾರಿಸುವವರು 200 ಜನದವರೆಗೆ, ಅಂದರೆ ನಮ್ಮೂರಿನ ನಾಲ್ಕು ಬಸ್ಸು ತುಂಬುವಷ್ಟು. ಬಾವಿಯ ರಾಶಿ ಅವರ ಪಾಲಿಗೆ ತಲೆಗೆ ಐದು!

ಐದರ ಕೆಲಸ ಕಮ್ಮಿಯದಲ್ಲ. ಕೊಳವೆಗೆ ಸುಮಾರು ಅರ್ಧ ಕಿಲೋ ಮದ್ದು ತುಂಬಿ, ನಾಲ್ಕಡಿ ಬಿದಿರಿಗೆ ಬಿಗಿದು ಹಚ್ಚಿದರೆ ಅರ್ಧ ಮೈಲಿಗಿಂತ ಸ್ವಲ್ಪ ಹೆಚ್ಚು ದೂರ ಹಾರುತ್ತಿತ್ತು. ಗುರಿ ಎಷ್ಟು ದೂರ, ಕೊಳವೆ ಎಷ್ಟು ದಪ್ಪ ಎಂದು ಲೆಕ್ಕ ಹಾಕಿ ಓರೆ ಹಿಡಿಯುವುದನ್ನು ಅವರಿಗೆ ಕಲಿಸಿದ್ದರು. ಐದರಿಂದ ಹತ್ತು ರಾಕೆಟ್ ಒಟ್ಟಿಗೆ ಹಾರಿಸುವ ಗಾಡಿಗಳೂ ಇದ್ದವು.

ಕುಶೂನು ಜೌಕ್‌ಗಳಾಗಿ ಒಡೆದಂತೆ ಇಂದಿನ ಸೇನೆಯನ್ನೂ ಸಣ್ಣ ತುಕಡಿಗಳಿಂದಲೇ ಕಟ್ಟಿದ್ದು: ಹತ್ತು ಜನರ ಸೆಕ್ಷನ್, ಮೂರು ಸೇರಿ ಪ್ಲಟೂನ್, ಮೂರು ಪ್ಲಟೂನ್ ಸೇರಿ ಕಂಪನಿ. ದೊಡ್ಡ ಸೈನ್ಯ ನಿಲ್ಲುವುದು ಪಕ್ಕದವನ ಹೆಸರು ಗೊತ್ತಿರುವ ಸಣ್ಣ ಗುಂಪಿನ ಮೇಲೆ.

ಈಗ ಟಿಪ್ಪುವಿನ ಇಡೀ ಕಾಲ್ದಳಕ್ಕೆ ಗುಣಿಸಿ. ಕುಶೂನ್‌ಗಳು 16ರಿಂದ 24. ಇಪ್ಪತ್ನಾಲ್ಕಕ್ಕೆ 4,800 ಜನ. ತಲೆಗೆ ಐದರಂತೆ 24,000 ರಾಕೆಟ್, ಹತ್ತು ಟನ್ನಿಗೂ ಮಿಕ್ಕಿದ ಮದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರಿಗೆ ಸಿಕ್ಕಿದ್ದು 9,000 ಖಾಲಿ ಕೊಳವೆ, ಹಾರಿಸಲು ತಯಾರಿದ್ದವು ಬರೀ 700. 4,800 ಜನಕ್ಕೆ ಹಂಚಿದ್ದರೆ ಏಳು ಜನಕ್ಕೆ ಒಂದು.

ರಾಜಧಾನಿಯ ಕೊನೆಯ ದಿನ ತಯಾರಿದ್ದ ರಾಕೆಟ್‌ಗಳಿಗಿಂತ ಹೆಚ್ಚು ಕೊಳವೆಗಳು ಮಲೆನಾಡಿನ ಒಂದು ಬಾವಿಯಲ್ಲಿ 200 ವರ್ಷ ಸುಮ್ಮನೆ ಮಲಗಿದ್ದವು.