ಹಾಲಿನ ಕ್ಯಾನಿನಲ್ಲಿ ಹದಿನೆಂಟು ದಿನ

ಬರೆದವರು ಐವತ್ತು-ಅರವತ್ತು ಮಂದಿ. ಯುದ್ಧ ಮುಗಿದಾಗ ಜೀವಂತ ಉಳಿದಿದ್ದವರು ಮೂವರು. ವಾರ್ಸಾ ಘೆಟ್ಟೊದ ಗುಪ್ತ ದಾಖಲೆ ಬಳಗ ‘ಒನೆಗ್ ಶಬ್ಬಾತ್’ನ ಲೆಕ್ಕ ಇದು. ಆ ಮೂವರಲ್ಲಿ ಇಬ್ಬರು ಹೆರ್ಶ್ ಮತ್ತು ಬ್ಲೂಮಾ ವಾಸ್ಸರ್ ದಂಪತಿ, ಮೂರನೆಯವರು ಪತ್ರಕರ್ತೆ ರಾಹೆಲ್ ಆವರ್‌ಬಾಖ್.

1940ರ ನವೆಂಬರಿನಲ್ಲಿ ನಾಜಿಗಳು ಘೆಟ್ಟೊದ ಬಾಗಿಲು ಮುಚ್ಚಿದರು. ಮೂರೂವರೆ ಚದರ ಕಿಲೋಮೀಟರಿನೊಳಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳು. ಸರಾಸರಿ ಒಂದೊಂದು ಕೋಣೆಗೆ ಏಳು ಮಂದಿ. ಕಂಡದ್ದನ್ನೆಲ್ಲ ಬರೆದಿಡಬೇಕು ಎಂದು ಇತಿಹಾಸಕಾರ ಎಮಾನ್ಯುಯೆಲ್ ರಿಂಗೆಲ್‌ಬ್ಲೂಮ್ ಆ ಬಳಗ ಕಟ್ಟಿದರು. ದಿನಚರಿ, ಪತ್ರಗಳಷ್ಟೇ ಅಲ್ಲ, ರೇಷನ್ ಚೀಟಿ, ಟ್ರಾಮ್ ಟಿಕೆಟ್, ಮಿಠಾಯಿ ಸುತ್ತಿದ ಕಾಗದವನ್ನೂ ಅವರು ಬಿಡಲಿಲ್ಲ. ರಾಹೆಲ್ ಲೆಷ್ನೊ ಬೀದಿಯ 40ನೇ ನಂಬರಿನಲ್ಲಿ ಗಂಜಿ ಕೇಂದ್ರ ನಡೆಸುತ್ತಿದ್ದರು. ಬಟ್ಟಲು ಹಿಡಿದು ಬರುವವರು ದಿನೇದಿನೇ ಸೊರಗಿ ಸಾಯುವುದನ್ನು ಬರೆದರು. ಒಂದು ಸೌಟು ಸೂಪಿನಿಂದ ಯಾರನ್ನೂ ಉಳಿಸಲಾಗದು ಎಂಬುದನ್ನೂ ಬರೆದರು.

1942ರ ಜುಲೈ 22ರಿಂದ ಸೆಪ್ಟೆಂಬರ್ 21ರ ತನಕ, ಎರಡೇ ತಿಂಗಳಲ್ಲಿ, ಸುಮಾರು 2,65,000 ಜನರನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾದ ಕೊಲೆ ಶಿಬಿರಕ್ಕೆ ಸಾಗಿಸಿದರು. ದಿನಕ್ಕೆ ನಾಲ್ಕು ಸಾವಿರಕ್ಕೂ ಮಿಕ್ಕಿ. ಅಲ್ಲಿಂದ ತಪ್ಪಿಸಿಕೊಂಡು ಘೆಟ್ಟೊಗೇ ಮರಳಿದ ತರುಣ ಅಬ್ರಾಹಂ ಕ್ಷೆಪಿಟ್ಸ್ಕಿ. ಅವನನ್ನು ಕೂರಿಸಿಕೊಂಡು ರಾಹೆಲ್ ಕೇಳಿ ಕೇಳಿ ಬರೆದುಕೊಂಡರು. ಅವನು ಅಲ್ಲಿದ್ದದ್ದು ಹದಿನೆಂಟು ದಿನ. ಬರಹ ನೂರು ಪುಟದಷ್ಟಾಯಿತು. ಟ್ರೆಬ್ಲಿಂಕಾದಲ್ಲಿ ಸತ್ತವರು ಸುಮಾರು ಒಂಬತ್ತು ಲಕ್ಷ. ತಲಾ ನೂರು ಪುಟವೆಂದರೆ ಒಂಬತ್ತು ಕೋಟಿ ಪುಟ ಎಂದು ಗುಣಿಸಿ ನೋಡಬಹುದು. ಆದರೆ ಆ ಗುಣಾಕಾರವೂ ನಿಲ್ಲುವುದಿಲ್ಲ: ರೈಲಿನಿಂದಿಳಿದ ಬಹುಪಾಲು ಮಂದಿಗೆ ಹದಿನೆಂಟು ದಿನವಿರಲಿ, ಕೆಲವು ಗಂಟೆಗಳೂ ಸಿಗಲಿಲ್ಲ.

ನಾಜಿಗಳ ವಿರುದ್ಧ 1943ರಲ್ಲಿ ಘೆಟ್ಟೊದ ಯಹೂದಿಗಳು ಎದ್ದ ಬಂಡಾಯದಲ್ಲಿ ಕ್ಷೆಪಿಟ್ಸ್ಕಿ ಸತ್ತ. ರಿಂಗೆಲ್‌ಬ್ಲೂಮ್ ಕುಟುಂಬವನ್ನು 1944ರ ಮಾರ್ಚಿನಲ್ಲಿ ಕೊಂದರು. ಕಾಗದಗಳು ಮಾತ್ರ ಮಣ್ಣಿನಡಿ ಇದ್ದವು: ನೊವೊಲಿಪ್ಕಿ ಬೀದಿಯ ಶಾಲೆಯೊಂದರ ಕೆಳಗೆ ಹತ್ತು ತಗಡಿನ ಪೆಟ್ಟಿಗೆ, ಎರಡು ಹಾಲಿನ ಕ್ಯಾನು. ಆದರೆ ಮೇಲೆ ಶಾಲೆಯೂ ಇಲ್ಲ, ಬೀದಿಯೂ ಇಲ್ಲ. ಘೆಟ್ಟೊ ಇಡೀ ಇಟ್ಟಿಗೆಯ ರಾಶಿ. 1946ರ ಏಪ್ರಿಲ್‌ನಲ್ಲಿ, ಬಂಡಾಯದ ಮೂರನೇ ವರ್ಷದ ಸ್ಮರಣೆಯ ಸಭೆಯಲ್ಲಿ ರಾಹೆಲ್ ಎದ್ದು ನಿಂತು, ಅದನ್ನು ಅಗೆಯಲೇಬೇಕು ಎಂದು ಹಟ ಹಿಡಿದರು. ಊಟ-ವಸತಿಗೇ ಗತಿಯಿಲ್ಲದ ಕಾಲದಲ್ಲಿ ಕಾಗದ ಹುಡುಕುವುದೇ ಎಂದು ಯಾರಾದರೂ ಕೇಳಿದ್ದರೆ ತಪ್ಪೇನಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಪೆಟ್ಟಿಗೆಗಳು ಸಿಕ್ಕವು. ಒಳಗೆ ನೀರು ಹೊಕ್ಕು ಹಾಳೆಗಳು ಅಂಟಿ, ಬೂಸ್ಟು ಹಿಡಿದಿದ್ದವು. 1950ರ ಡಿಸೆಂಬರಿನಲ್ಲಿ ಕಟ್ಟಡ ಕಾರ್ಮಿಕರ ಕೈಗೆ ಕ್ಯಾನುಗಳು ಬಂದವು. ಅವುಗಳೊಳಗಿನ ಕಾಗದ ಅಷ್ಟು ಕೆಟ್ಟಿರಲಿಲ್ಲ. ಕ್ಷೆಪಿಟ್ಸ್ಕಿಯ ಪುಟಗಳು ಇದ್ದದ್ದು ಅದರಲ್ಲೇ. ಎಲ್ಲ ಸೇರಿ ಸುಮಾರು 35,000 ಪುಟ ಉಳಿಯಿತು. ಬೇರೆ ಕಡೆ ಹೂತ ಮೂರನೇ ಕಂತು ಇಂದಿಗೂ ಸಿಕ್ಕಿಲ್ಲ.

ರಾಹೆಲ್ ಇಸ್ರೇಲ್‌ಗೆ ಹೋದರು. 1954ರಲ್ಲಿ, ಯಹೂದಿ ಹತ್ಯಾಕಾಂಡದ ಸ್ಮಾರಕ ಸಂಸ್ಥೆ ಯಾದ್ ವಶೆಮ್‌ನಲ್ಲಿ ಸಾಕ್ಷ್ಯ ಸಂಗ್ರಹದ ವಿಭಾಗ ಕಟ್ಟಿದರು. ಬದುಕುಳಿದವರನ್ನು ಕೂರಿಸಿ ಹೇಳಿಸುವುದು, ಬರೆದುಕೊಳ್ಳುವುದು: ಘೆಟ್ಟೊದಲ್ಲಿ ಮಾಡಿದ ಕೆಲಸವೇ. ಮುಂದೆ ಅಂಥ ಕೆಲಸ ಎಷ್ಟು ಬೆಳೆಯಿತೆಂದರೆ, ಸ್ಪೀಲ್‌ಬರ್ಗ್ ಆರಂಭಿಸಿದ ಶೋಆ ಪ್ರತಿಷ್ಠಾನವೊಂದೇ 1990ರ ದಶಕದಲ್ಲಿ 32 ಭಾಷೆಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಸಾಕ್ಷ್ಯಗಳನ್ನು ವಿಡಿಯೊದಲ್ಲಿ ಹಿಡಿದಿಟ್ಟಿತು. ಊಟ-ನಿದ್ದೆ ಬಿಟ್ಟು ಒಂದೇ ಸಮನೆ ಕೂತು ನೋಡಿದರೂ ಹನ್ನೆರಡು ವರ್ಷ ದಾಟುತ್ತದೆ.

ರಾಹೆಲ್ 1976ರಲ್ಲಿ ತೀರಿಕೊಂಡರು, ಈ ವಿಡಿಯೊಗಳ ಕಾಲಕ್ಕೆ ಬಹಳ ಮೊದಲೇ. ತಾವು ಕೂಡಿಹಾಕಿದ ಮಾತುಗಳು ನ್ಯಾಯಾಲಯ ಮುಟ್ಟಿದ್ದನ್ನು ಮಾತ್ರ ಅವರು ಕಂಡಿದ್ದರು. 1961ರಲ್ಲಿ ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆ ನಡೆದಾಗ ಪ್ರಾಸಿಕ್ಯೂಷನ್ ನೂರಕ್ಕೂ ಹೆಚ್ಚು ಸಾಕ್ಷಿಗಳನ್ನು ಕರೆಸಿತು. ಅವರನ್ನು ಹುಡುಕಿ ಕೊಡುವುದರಲ್ಲಿ ರಾಹೆಲ್ ಕೈಯೂ ಇತ್ತು, ತಾವೂ ಸಾಕ್ಷಿ ಹೇಳಿದರು. ಟ್ರೆಬ್ಲಿಂಕಾದ ಸರದಿ ಬಂದಾಗ, ಆ ಒಂಬತ್ತು ಲಕ್ಷ ಮಂದಿಯ ಪರವಾಗಿ ಕಟಕಟೆ ಏರಿದ ಪಾರಾದವರು ನಾಲ್ವರು.